ಹುಲಿ ಎದುರಿಗಿರುವಾಗ ಉಸಿರಾಟದ ಪಾಠ

ಲು ರಾಜ್ಯದಲ್ಲಿ ಶಾನ್ ಬಾವ್ ಎಂಬೊಬ್ಬನಿದ್ದ. ಬಂಡೆಗಳ ನಡುವೆ ವಾಸ, ಕುಡಿಯಲು ತೊರೆಯ ನೀರು, ಊರವರ ಲಾಭ-ನಷ್ಟದ ಗೊಡವೆಯೇ ಇಲ್ಲ. ಎಪ್ಪತ್ತಾದರೂ ಮುಖದಲ್ಲಿ ಎಳೆಗೂಸಿನ ಕಳೆ ಉಳಿದಿತ್ತು. ಒಂದು ದಿನ ಹಸಿದ ಹುಲಿ ಎದುರಾಯಿತು, ಕೊಂದು ತಿಂದಿತು. ಜಾಂಗ್ ಯಿ ಎಂಬ ಇನ್ನೊಬ್ಬನಿದ್ದ. ದೊಡ್ಡವರ ಮನೆಯ ಬಾಗಿಲು ಎಲ್ಲಿ ಕಂಡರೂ ಓಡಿಹೋಗಿ ಹಾಜರಿ ಹಾಕುವವನು. ನಲವತ್ತಕ್ಕೆ ಒಳಜ್ವರ ಹತ್ತಿ ಸತ್ತ. ಮೊದಲನೆಯವನಿಗೆ ಹೊರಗಿನ ಅಪಾಯದ ಪರಿವೆ ಇರಲಿಲ್ಲ. ಎರಡನೆಯವನಿಗೆ ತನ್ನೊಳಗೆ ಏನು ಬೇಯುತ್ತಿದೆ ಎಂದು ನೋಡಿಕೊಳ್ಳಲು ಪುರುಸೊತ್ತಿರಲಿಲ್ಲ.

'ಚುವಾಂಗ್ ತ್ಸು' ಗ್ರಂಥದ 19ನೇ ಅಧ್ಯಾಯದಲ್ಲಿ ಬರುವ ಕಥೆ ಇದು. ಸಂದರ್ಭವನ್ನು ಗಮನಿಸಿ: ದೊರೆಯೊಬ್ಬ 'ಯಾಂಗ್‌ಶೆಂಗ್' ಎಂದರೇನು ಎಂದು ಕೇಳುತ್ತಿದ್ದಾನೆ. ಯಾಂಗ್‌ಶೆಂಗ್ ಎಂದರೆ ಜೀವ ಸಾಕುವುದು. ಆರೋಗ್ಯ ಕಾಯ್ದುಕೊಳ್ಳಲು, ಮನಸ್ಸನ್ನು ತಿಳಿಯಾಗಿಡಲು ದಾವ್ ಪರಂಪರೆ ರೂಢಿಸಿಕೊಂಡ ಊಟ, ಉಸಿರು, ನಿದ್ದೆ, ಚಲನೆಗಳ ಕ್ರಮಕ್ಕೆಲ್ಲ ಒಟ್ಟಾಗಿ ಇರುವ ಹೆಸರು. ದೊರೆಗೆ ಸಿಗುವ ಉತ್ತರ ಸರಳವಾಗಿದೆ. ಇದು ಕುರಿ ಕಾಯುವವನ ಕೆಲಸ. ಮಂದೆಯಲ್ಲಿ ಯಾವ ಕುರಿ ಹಿಂದೆ ಬಿದ್ದಿದೆ ಎಂದು ನೋಡಿ ಅದನ್ನು ಮುಂದಕ್ಕೆ ಅಟ್ಟಬೇಕು. ಒಳಗನ್ನಷ್ಟೇ ನೋಡಿಕೊಂಡವನಿಗೆ ಹೊರಗು ಹಿಂದೆ ಬಿದ್ದ ಕುರಿ. ಆ ಕುರಿಯನ್ನು ಮರೆತವನ ಪಾಲಿಗೆ ಹುಲಿ ಬರುತ್ತದೆ.

ಇವತ್ತು ದಾವ್ ಹೆಸರಿನಲ್ಲಿ ನಮಗೆ ಹಂಚಲಾಗುತ್ತಿರುವ ಆರೋಗ್ಯಸೂತ್ರಗಳಲ್ಲಿ ಈ ಹುಲಿಯೇ ಇಲ್ಲ. ನನ್ನ ತಕರಾರು ಅದು. ನೀರಿನಂತೆ ಹರಿಯಿರಿ, ಪ್ರತಿರೋಧಿಸಬೇಡಿ, ಎಲ್ಲವನ್ನೂ ಬಿಟ್ಟುಕೊಡಿ, ಉಸಿರಿನ ಮೇಲೆ ಗಮನವಿಡಿ. ಮಾತುಗಳೇನೋ ಚೆನ್ನಾಗಿವೆ. ಆದರೆ ಹೇಳುತ್ತಿರುವುದು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಎಂದು ಕೇಳಿಕೊಂಡರೆ ಬೇರೆಯದೇ ಚಿತ್ರ ಕಾಣುತ್ತದೆ. ದುಡಿಸಿಕೊಳ್ಳುವವರು ದುಡಿಯುವವರಿಗೆ, ಅವರು ಇನ್ನೇನು ಕುಸಿಯುತ್ತಾರೆ ಅನ್ನುವ ಹೊತ್ತಿಗೆ ಸರಿಯಾಗಿ ಹೇಳುತ್ತಿದ್ದಾರೆ. ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಒಂದು ಪರಂಪರೆ ಅಧಿಕಾರದ ಬಗ್ಗೆ, ದಣಿವಿನ ಬಗ್ಗೆ, ಹಸಿವಿನ ಬಗ್ಗೆ ಹೇಳಿದ್ದನ್ನೆಲ್ಲ ಸೋಸಿ ಎಸೆದು, ಉಳಿದ ತಿಳಿಯನ್ನು ಮಾತ್ರ ಬಾಟಲಿಗೆ ತುಂಬಿ ಕೊಡುತ್ತಿದ್ದಾರೆ.

ನಾನು ಸಂಶೋಧನಾ ವಿದ್ಯಾರ್ಥಿ. ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿದ್ದೇನೆ. ಕಳೆದ ವರ್ಷ ನಮ್ಮಲ್ಲಿ ಸಂಶೋಧಕರಿಗೆಂದೇ ಒತ್ತಡ ನಿರ್ವಹಣೆಯ ಒಂದು ದಿನದ ಕಾರ್ಯಾಗಾರ ನಡೆಯಿತು. ಆಗ ನಮ್ಮ ಫೆಲೋಶಿಪ್ ಬಂದು ಏಳು ತಿಂಗಳಾಗಿತ್ತು. ಹಾಸ್ಟೆಲಿನ ಮೆಸ್ಸಿನಲ್ಲಿ ಬಾಕಿ ಇದ್ದವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿದ್ದರು. ತರಬೇತುದಾರರು ಒಳ್ಳೆಯ ಮಾತುಗಾರರು. ಪರದೆಯ ಮೇಲೆ ಥಳಥಳ ಹೊಳೆಯುವ ಒಂದು ಚಾಕುವಿನ ಚಿತ್ರ ಹಾಕಿ, ಹತ್ತೊಂಬತ್ತು ವರ್ಷ ಬಳಸಿದರೂ ಮೊಂಡಾಗದ ಚೀನಾದ ಚಾಕುವಿನ ಕಥೆ ಹೇಳಿದರು. ನಿಮ್ಮ ಮನಸ್ಸು ಈ ಚಾಕುವಿನಂತಿರಬೇಕು, ಯಾವುದಕ್ಕೂ ತಾಗದೆ ಹರಿಯಬೇಕು ಎಂದರು. ಪ್ರಶ್ನೋತ್ತರದಲ್ಲಿ ಗೆಳತಿಯೊಬ್ಬಳು ಎದ್ದು, "ಸರ್, ಫೆಲೋಶಿಪ್ ಯಾವಾಗ ಬರುತ್ತೆ ಅಂತ ಯಾರನ್ನ ಕೇಳಬೇಕು?" ಎಂದಳು. ಸಭೆ ನಕ್ಕಿತು. ಅವರೂ ನಕ್ಕು, "ಅದು ನನ್ನ ವಿಷಯ ಅಲ್ಲಮ್ಮ. ನಿಮ್ಮ ಕೈಯಲ್ಲಿಲ್ಲದ್ದರ ಬಗ್ಗೆ ಚಿಂತೆ ಬಿಡೋದೇ ಇವತ್ತಿನ ಪಾಠ" ಎಂದರು.

ಅವರು ಕೆಟ್ಟವರಲ್ಲ. ಅವರಿಗೆ ಒಪ್ಪಿಸಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು. ಆದರೆ ಆ ಚಾಕುವಿನ ಕಥೆಯನ್ನು ಪೂರ್ತಿ ಹೇಳಲಿಲ್ಲ. ಮುಖ್ಯವಾಗಿ, ಚಾಕು ಏನನ್ನು ಕಡಿಯುತ್ತಿತ್ತು ಎಂದೇ ಹೇಳಲಿಲ್ಲ.

ಅದು ಕಡಿಯುತ್ತಿದ್ದುದು ಎತ್ತನ್ನು. 'ಚುವಾಂಗ್ ತ್ಸು'ವಿನ ಮೂರನೇ ಅಧ್ಯಾಯದ ಹೆಸರೇ ಯಾಂಗ್‌ಶೆಂಗ್ ಎಂಬ ಪದದಿಂದ ಶುರುವಾಗುತ್ತದೆ. ಅಲ್ಲಿ ಡಿಂಗ್ ಎಂಬ ಅಡುಗೆಯವ ವೆನ್‌ಹುಯಿ ದೊರೆಯ ಎದುರು ಎತ್ತಿನ ಮಾಂಸ ಬಿಡಿಸುತ್ತಾನೆ. ಸಾಮಾನ್ಯ ಅಡುಗೆಯವನ ಚಾಕು ಒಂದು ತಿಂಗಳು ಬಾಳುತ್ತದೆ, ಪಳಗಿದವನದು ಒಂದು ವರ್ಷ. ಡಿಂಗ್‌ನ ಚಾಕು ಸಾವಿರಾರು ಎತ್ತುಗಳನ್ನು ಬಿಡಿಸಿಯೂ ಹತ್ತೊಂಬತ್ತು ವರ್ಷದಿಂದ ಹಾಗೇ ಇದೆ. ಕಾರಣ, ಅವನು ಮೂಳೆಗೆ ಬಡಿಯುವುದಿಲ್ಲ. ಕೀಲುಗಳ ನಡುವೆ ಎಲ್ಲಿ ಎಡೆಯಿದೆ ಎಂದು ಬಲ್ಲ. ಗಂಟುಬಿದ್ದ ಜಾಗ ಬಂದಾಗ ನಿಲ್ಲುತ್ತಾನೆ, ಕಣ್ಣು ನೆಡುತ್ತಾನೆ, ಕೈಯನ್ನು ತೀರಾ ನಿಧಾನ ಮಾಡುತ್ತಾನೆ. ಜೀವ ಸಾಕುವುದು ಹೇಗೆಂದು ದೊರೆ ಕಲಿತದ್ದು ಈ ಕಸುಬುದಾರನಿಂದ. ನಮ್ಮ ದೇಶದಲ್ಲಿ ಮಾಂಸ ಕಡಿಯುವವನನ್ನು ಜಾತಿಯ ಏಣಿಯ ಯಾವ ಮೆಟ್ಟಿಲಲ್ಲಿ ನಿಲ್ಲಿಸಿದ್ದೇವೆ ಎಂದು ನೆನಪಿಸಿಕೊಂಡರೆ, ಪರದೆಯಿಂದ ಎತ್ತು ಏಕೆ ಮಾಯವಾಯಿತು ಎಂಬುದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಎತ್ತನ್ನು ತೆಗೆದರೆ ಮೂಳೆಯೂ ಹೋಗುತ್ತದೆ. ಆಮೇಲೆ ಉಳಿಯುವ ಉಪದೇಶ ಒಂದೇ: ಚಾಕು ಮೊಂಡಾದರೆ ತಪ್ಪು ಚಾಕುವಿನದು. ಡಿಂಗ್‌ನ ಗುಟ್ಟು ಇದ್ದದ್ದು ಮೂಳೆಯನ್ನು ಗುರುತಿಸುವುದರಲ್ಲಿ, ಗುರುತಿಸಿ ತಪ್ಪಿಸಿಕೊಳ್ಳುವುದರಲ್ಲಿ. ನಮಗೆ ಹೇಳಿಕೊಡುತ್ತಿರುವುದು ದಿನವಿಡೀ ಮೂಳೆಗೆ ಬಡಿಸಿಕೊಂಡು, ಸಂಜೆ ಇಪ್ಪತ್ತು ನಿಮಿಷ ಸಾಣೆ ಹಿಡಿದುಕೊಂಡು, ಬೆಳಿಗ್ಗೆ ಮತ್ತೆ ಬಡಿಯಲು ಸಿದ್ಧವಾಗುವುದನ್ನು. ಅಷ್ಟಾಗಿಯೂ ಚಾಕು ಮುರಿದರೆ ಹೇಗೂ ಹೊಸದು ಸಿಗುತ್ತದೆ. ತಿಂಗಳಿಗೊಂದು ಚಾಕು ಬದಲಿಸುವ ಆ ಸಾಮಾನ್ಯ ಅಡುಗೆಯವ ಇಂದಿನ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗದಲ್ಲಿ ಆರಾಮವಾಗಿ ಕೆಲಸ ಮಾಡಬಹುದಿತ್ತು.

ಅದೇ ಅಧ್ಯಾಯದಲ್ಲಿ, ಡಿಂಗ್‌ನ ಕಥೆ ಮುಗಿದು ಸ್ವಲ್ಪವೇ ಮುಂದೆ, ಜೌಗು ನೆಲದ ಒಂದು ಕಾಡುಕೋಳಿ ಬರುತ್ತದೆ. ಒಂದು ಕಾಳಿಗಾಗಿ ಹತ್ತು ಹೆಜ್ಜೆ, ಒಂದು ಗುಟುಕು ನೀರಿಗಾಗಿ ನೂರು ಹೆಜ್ಜೆ ನಡೆಯಬೇಕಾದ ಬದುಕು ಅದರದು. ಆದರೂ ಪಂಜರದೊಳಗಿನ ಆರೈಕೆ ಅದಕ್ಕೆ ಬೇಡ. ಜೀವ ಸಾಕಿಕೊಳ್ಳುವುದಕ್ಕೂ ಇನ್ನೊಬ್ಬರು ಸಾಕಿದ ಹಕ್ಕಿಯಾಗುವುದಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಕಚೇರಿಯೊಳಗೇ ಜಿಮ್, ಕಚೇರಿಯೊಳಗೇ ಊಟ, ಕಚೇರಿಯೊಳಗೇ ಧ್ಯಾನದ ಕೋಣೆ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಈ ಕಾಡುಕೋಳಿ ನೆನಪಾಗುತ್ತದೆ.

*

ಕಥೆಗಳನ್ನು ನಮಗೆ ಬೇಕಾದಂತೆ ಓದಬಹುದು ಎಂದು ನೀವು ಹೇಳಬಹುದು. ಹಾಗಾದರೆ ಕಥೆ ಬಿಟ್ಟು ಕೈಪಿಡಿಗಳಿಗೆ ಬರೋಣ.

1973ರಲ್ಲಿ ಹುನಾನ್ ಪ್ರಾಂತ್ಯದ ಚಾಂಗ್‌ಶಾ ಬಳಿಯ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ್ದ ಸಮಾಧಿಯೊಂದನ್ನು ತೆರೆದಾಗ ರೇಷ್ಮೆ ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ 44 ಮನುಷ್ಯಾಕೃತಿಗಳು ಸಿಕ್ಕವು. ಗಂಡಸರಿದ್ದಾರೆ, ಹೆಂಗಸರಿದ್ದಾರೆ. ಕೆಲವರು ಕೈ ಚಾಚಿದ್ದಾರೆ, ಕೆಲವರು ಬಾಗಿದ್ದಾರೆ, ಕರಡಿಯ ಹಾಗೆ, ಹಕ್ಕಿಯ ಹಾಗೆ ಚಲಿಸುತ್ತಿದ್ದಾರೆ. ಉಸಿರು ಮತ್ತು ಅಂಗಾಂಗಗಳನ್ನು ಒಟ್ಟಿಗೆ ಎಳೆದು ಸಡಿಲಿಸುವ 'ದಾವೊಯಿನ್' ಎಂಬ ಈ ವ್ಯಾಯಾಮದ ಚಿತ್ರಗಳು ಈಗ ಜಗತ್ತಿನಾದ್ಯಂತ ಆರೋಗ್ಯದ ಪುಸ್ತಕಗಳ ಮುಖಪುಟ ಅಲಂಕರಿಸುತ್ತವೆ.

ಹತ್ತು ವರ್ಷದ ನಂತರ, 1983-84ರಲ್ಲಿ, ಹುಬೈ ಪ್ರಾಂತ್ಯದ ಜಾಂಗ್‌ಜಿಯಾಶಾನ್‌ನಲ್ಲಿ ಅದಕ್ಕೂ ತುಸು ಹಳೆಯದಾದ ಸಮಾಧಿಯಿಂದ ಬಿದಿರಿನ ಪಟ್ಟಿಗಳ ಮೇಲೆ ಬರೆದ ಒಂದು ಕೈಪಿಡಿ ಸಿಕ್ಕಿತು. ಹೆಸರು 'ಯಿನ್‌ಷು'. ಅದರಲ್ಲೂ ಇಂಥದೇ ವ್ಯಾಯಾಮಗಳ ವಿವರಣೆ ಇದೆ. ಇದು ಯಾವ ಮುಖಪುಟದಲ್ಲೂ ಕಾಣುವುದಿಲ್ಲ. ಇದರ ಕೊನೆಯ ಭಾಗದಲ್ಲಿ ಜನರಿಗೆ ಕಾಯಿಲೆ ಏಕೆ ಬರುತ್ತದೆ ಎಂಬ ಚರ್ಚೆಯಿದೆ. ಕುಲೀನರಿಗೆ ಕಾಯಿಲೆ ಬರುವುದು ಸಂತೋಷ, ಕೋಪಗಳು ಹದ ತಪ್ಪುವುದರಿಂದ ಎನ್ನುತ್ತದೆ. ಕೆಳಗಿನವರಿಗೆ? ಮೈಮುರಿಯುವ ದುಡಿಮೆಯಿಂದ, ಹಸಿವಿನಿಂದ, ಬಾಯಾರಿಕೆಯಿಂದ, ಬೆವರು ಹರಿಯುತ್ತಿರುವಾಗಲೇ ತಣ್ಣೀರಿಗೆ ಇಳಿಯುವುದರಿಂದ, ಥಂಡಿ ನೆಲದ ಮೇಲೆ ಮಲಗುವುದರಿಂದ.

ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಲಿಪಿಕಾರ ಬಿದಿರಿನ ಮೇಲೆ ಬರೆದಿಟ್ಟ ಈ ಭೇದ ನಮ್ಮ ಕಾರ್ಯಾಗಾರಗಳಿಗೆ ಇನ್ನೂ ತಲುಪಿಲ್ಲ. ಯಿನ್‌ಷು ಕೂಡ ಕೊನೆಗೆ ಉಸಿರಾಟವನ್ನೇ ಕಲಿಸುತ್ತದೆ, ನಿಜ. ಕೆಳಗಿನವರಿಗೆ ಈ ವಿದ್ಯೆ ಗೊತ್ತಿಲ್ಲದಿರುವುದರಿಂದಲೂ ಅವರು ಬೇಗ ಸಾಯುತ್ತಾರೆ ಎನ್ನುತ್ತದೆ. ಆದರೆ ಕಾಯಿಲೆಯ ಮೂಲವನ್ನು ಮುಚ್ಚಿಡುವುದಿಲ್ಲ. ಹಸಿದವನಿಗೆ ನಿನ್ನ ಸಮಸ್ಯೆ ಮನಸ್ಸಿನದು ಎಂದು ಹೇಳುವುದಿಲ್ಲ. ನಮ್ಮಲ್ಲಿ ಆಗುತ್ತಿರುವುದು ಅದೇ: ಕುಲೀನರ ರೋಗಕ್ಕೆ ಬರೆದ ಚೀಟಿಯನ್ನು ದುಡಿಯುವವರ ಕೈಗೆ ಕೊಡುತ್ತಿದ್ದೇವೆ.

ಇನ್ನು, ಬರೀ ಒಳಗನ್ನು ಸಾಧಿಸಿದರೆ ಸಾಕು ಎನ್ನುವವರು ಆ ವಿದ್ಯೆಯಲ್ಲಿ ಪಾರಂಗತರಾಗಿದ್ದವರ ಬದುಕನ್ನೊಮ್ಮೆ ನೋಡಬೇಕು. ವೈದ್ಯ ಹುವಾ ತೊ ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿಗಳ ಚಲನೆಯನ್ನು ಅನುಸರಿಸಿ 'ಐದು ಪ್ರಾಣಿಗಳ ಆಟ' ಎಂಬ ವ್ಯಾಯಾಮ ರೂಪಿಸಿದ. ಅದನ್ನು ಕಲಿತ ಶಿಷ್ಯ ವು ಪು ತೊಂಬತ್ತು ದಾಟಿ ಬಾಳಿದ, ಆಗಲೂ ಹಲ್ಲು, ಕಿವಿ, ಕಣ್ಣು ಗಟ್ಟಿಯಾಗಿದ್ದವು ಎಂದು ಚರಿತ್ರೆ ದಾಖಲಿಸಿದೆ. ಗುರುವಿನ ಗತಿ? ದಂಡನಾಯಕ ಚಾವ್ ಚಾವ್‌ನ ಖಾಸಗಿ ವೈದ್ಯನಾಗಿ ಉಳಿಯಲು ಒಲ್ಲದೆ, ಹೆಂಡತಿಗೆ ಹುಷಾರಿಲ್ಲ ಎಂಬ ನೆಪ ಹೇಳಿ ಊರಿಗೆ ಹೋದ. ಕರೆದರೂ ಬರಲಿಲ್ಲ. ಹಿಡಿದು ತಂದು ಸೆರೆಯಲ್ಲಿಟ್ಟು ಕೊಂದರು. ರಜೆ ಕೇಳಿದ್ದಕ್ಕೆ ಪ್ರಾಣ ಕಳೆದುಕೊಂಡ ವೈದ್ಯ ಎಂದರೆ ಉತ್ಪ್ರೇಕ್ಷೆಯಾಗಲಾರದು. ಹುಲಿಯ ಆಟ ಕಲಿಸಿದವನನ್ನು ನಿಜವಾದ ಹುಲಿ ಬಿಡಲಿಲ್ಲ.

ಮೂರನೇ ಶತಮಾನದ ಜಿ ಕಾಂಗ್ ಯಾಂಗ್‌ಶೆಂಗ್ ಬಗ್ಗೆಯೇ ಪ್ರಬಂಧ ಬರೆದವನು. ಕವಿ, ಸಂಗೀತಗಾರ, ಬಿದಿರುಮೆಳೆಯ ಏಳು ಜ್ಞಾನಿಗಳಲ್ಲಿ ಒಬ್ಬ, ಹವ್ಯಾಸಕ್ಕೆ ಕಮ್ಮಾರಿಕೆ ಮಾಡುತ್ತಿದ್ದ. ಗೆಳೆಯ ಶಾನ್ ತಾವ್ ಸರ್ಕಾರಿ ಹುದ್ದೆಗೆ ಇವನ ಹೆಸರು ಸೂಚಿಸಿದಾಗ ಸಿಟ್ಟಿನಿಂದ ಬರೆದ ಪತ್ರ ಪ್ರಸಿದ್ಧವಾಗಿದೆ. ನೌಕರಿಯಲ್ಲಿ ತನ್ನಿಂದ ಸಹಿಸಲಾಗದ ಏಳು ಸಂಗತಿಗಳನ್ನು ಅದರಲ್ಲಿ ಒಂದೊಂದಾಗಿ ಎಣಿಸಿದ್ದಾನೆ. ಮೊದಲನೆಯದೇ ಬೆಳಿಗ್ಗೆ ತಡವಾಗಿ ಏಳುವ ಅಭ್ಯಾಸ. ಈ ಮನುಷ್ಯನನ್ನು ಸುಮಾರು ನಲವತ್ತರ ವಯಸ್ಸಿನಲ್ಲಿ ಸೀಮಾ ಜಾವ್‌ನ ಆಡಳಿತ ಮರಣದಂಡನೆಗೆ ಗುರಿಮಾಡಿತು. ರಾಜಧಾನಿಯ ವಿದ್ಯಾಪೀಠದ ಮೂರು ಸಾವಿರ ವಿದ್ಯಾರ್ಥಿಗಳು ಅವನ ಪರವಾಗಿ ಮನವಿ ಸಲ್ಲಿಸಿದರೂ ಫಲವಾಗಲಿಲ್ಲ. ಕೊನೆಗೆ ಅವನು ತಂತಿವಾದ್ಯ ತರಿಸಿಕೊಂಡು ಒಂದು ರಾಗ ನುಡಿಸಿ ಸಾವಿಗೆ ಹೋದನಂತೆ. ಒಳಗಿನ ಶಾಂತಿ ಅವನಿಗಿತ್ತು, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಅದು ಅವನ ಕುತ್ತಿಗೆ ಉಳಿಸಲಿಲ್ಲ. ಅವನಿಗಾಗಿ ನಿಂತದ್ದು ಆ ಮೂರು ಸಾವಿರ ವಿದ್ಯಾರ್ಥಿಗಳು. ನನ್ನಂಥವರಿಗೆ ಈ ಕಥೆಯಲ್ಲಿ ಮನಸ್ಸಿಗೆ ನಾಟುವ ಅಂಶವೇ ಅದು.

ಇದಕ್ಕೆ ಎದುರಾಗಿ ಅರಮನೆಯವರನ್ನು ನೋಡಿ. ಅಧಿಕಾರ ಬಿಡದೆ, ಯುದ್ಧ ಬಿಡದೆ, ಭೋಗ ಬಿಡದೆ ದೀರ್ಘಾಯುಷ್ಯ ಮಾತ್ರ ಬೇಕಾಗಿದ್ದವರು. ಪಾದರಸ, ಸೀಸ ಬೆರೆತ ಅಮರತ್ವದ ಗುಳಿಗೆ ನುಂಗಿ ಸತ್ತ ಟಾಂಗ್ ಚಕ್ರವರ್ತಿಗಳು ಒಬ್ಬಿಬ್ಬರಲ್ಲ. 846ರಲ್ಲಿ ವುಜೊಂಗ್, 859ರಲ್ಲಿ ಷ್ವಾನ್‌ಜೊಂಗ್. ಹೊರಗಿನದೇನನ್ನೂ ಬದಲಿಸದೆ ಒಳಗಿಗೆ ಮಾತ್ರ ಮದ್ದು ಹುಡುಕುವ ಚಾಳಿ ಹೊಸದಲ್ಲ.

ಆದರೆ ದಾವ್ ಪರಂಪರೆ ಇನ್ನೊಂದು ದಾರಿಯನ್ನೂ ತೋರಿಸಿದೆ. ಎರಡನೇ ಶತಮಾನದ ಕೊನೆಗೆ ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದಾಗ ಹಾನ್‌ಜೊಂಗ್ ಪ್ರದೇಶವನ್ನು 'ಸ್ವರ್ಗಗುರು' ಪಂಥದ ಜಾಂಗ್ ಲು ಆಳಿದ. ಆ ಪಂಥದಲ್ಲಿ ರೋಗ ವಾಸಿಮಾಡುವುದು ಮುಖ್ಯ ಆಚರಣೆಯಾಗಿತ್ತು. ರೋಗಿ ಏಕಾಂತದಲ್ಲಿ ಕೂತು ತನ್ನ ತಪ್ಪುಗಳನ್ನು ನೆನೆಯಬೇಕಿತ್ತು. ಅಷ್ಟಕ್ಕೇ ಅದು ನಿಲ್ಲಲಿಲ್ಲ. ದಾರಿಗಳ ಉದ್ದಕ್ಕೂ ಧರ್ಮಛತ್ರಗಳನ್ನು ಕಟ್ಟಿಸಿದರು. ಒಳಗೆ ಅಕ್ಕಿ, ಮಾಂಸ ಇಟ್ಟಿರುತ್ತಿದ್ದರು, ದಾರಿಹೋಕರು ಹೊಟ್ಟೆಗೆ ಬೇಕಾದಷ್ಟು ತೆಗೆದುಕೊಳ್ಳಬಹುದಿತ್ತು. ಸಣ್ಣ ತಪ್ಪು ಮಾಡಿದವರು ನೂರು ಹೆಜ್ಜೆ ರಸ್ತೆ ದುರಸ್ತಿ ಮಾಡಿದರೆ ತಪ್ಪು ಕಳೆಯುತ್ತಿತ್ತು. ಧ್ಯಾನದ ಕೋಣೆ ಮತ್ತು ಅಕ್ಕಿಯ ಮೂಟೆ ಒಂದೇ ವ್ಯವಸ್ಥೆಯ ಎರಡು ಭಾಗಗಳಾಗಿದ್ದವು. ನಮ್ಮವರು ಕೋಣೆಯನ್ನು ಉಳಿಸಿಕೊಂಡು ಮೂಟೆಯನ್ನು ಬಿಟ್ಟಿದ್ದಾರೆ.

*

ಈಗ ನಮ್ಮ ಕಾಲಕ್ಕೆ ಬರುತ್ತೇನೆ. 'ಪ್ರಾಚೀನ ಚೀನಾದ ಗುಟ್ಟು' ಎಂದು ಮಾರುವ ಚೀಗಾಂಗ್ ಇಂದಿನ ಅರ್ಥದಲ್ಲಿ ಬಳಕೆಗೆ ಬಂದದ್ದು 1949ರಲ್ಲಿ. ಹೊಟ್ಟೆಹುಣ್ಣಿನಿಂದ ನರಳುತ್ತಿದ್ದ ಲಿಯು ಗುಯಿಜೆನ್ ಎಂಬ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತ ಹಳ್ಳಿಯ ಉಸಿರಾಟದ ಪದ್ಧತಿಯಿಂದ ಗುಣಹೊಂದಿದ ಮೇಲೆ, ಅವನೂ ಅವನ ಸಂಗಡಿಗರೂ ಆ ಪದ್ಧತಿಯ ಧಾರ್ಮಿಕ ಮಾತುಗಳನ್ನು ಕಳಚಿ, ವೈದ್ಯಕೀಯದ ಭಾಷೆ ತೊಡಿಸಿ, ಈ ಹೆಸರಿಟ್ಟರು. 1950ರ ದಶಕದಲ್ಲಿ ತಾಂಗ್‌ಶಾನ್, ಬೈದಾಯ್‌ಹೆಗಳಲ್ಲಿ ಇದಕ್ಕಾಗಿಯೇ ಆರೋಗ್ಯಧಾಮಗಳು ತಲೆಯೆತ್ತಿದವು. ಪಕ್ಷದ ದಣಿದ ಅಧಿಕಾರಿಗಳು ಅಲ್ಲಿ ಚೇತರಿಸಿಕೊಂಡು ಕೆಲಸಕ್ಕೆ ಮರಳುತ್ತಿದ್ದರು. ಉದ್ಯಾನಗಳಲ್ಲಿ ಹಿರಿಯರು ಮಾಡುವ 24 ಭಂಗಿಗಳ ತಾಯ್‌ಚಿಯನ್ನು 1956ರಲ್ಲಿ ಜೋಡಿಸಿದ್ದು ಸರ್ಕಾರದ ಕ್ರೀಡಾ ಆಯೋಗ. ಇದರಿಂದ ಅವುಗಳ ಉಪಯೋಗ ಕಡಿಮೆಯಾಗುವುದಿಲ್ಲ. ಆದರೆ ಉಸಿರಿಗೆ ರಾಜಕೀಯವಿಲ್ಲ ಎನ್ನುವವರು ಇದನ್ನು ತಿಳಿದಿರಬೇಕು. ಅದು ಅಲ್ಲಿನ ಸರ್ಕಾರಕ್ಕಂತೂ ಚೆನ್ನಾಗಿ ಗೊತ್ತಿತ್ತು. 1999ರ ಏಪ್ರಿಲಿನಲ್ಲಿ ಫಾಲುನ್ ಗಾಂಗ್ ಪಂಥದ ಹತ್ತು ಸಾವಿರದಷ್ಟು ಸಾಧಕರು ಬೀಜಿಂಗಿನ ಅಧಿಕಾರ ಕೇಂದ್ರದ ಹೊರಗೆ ಸದ್ದಿಲ್ಲದೆ ನಿಂತರು. ಜುಲೈಯಲ್ಲಿ ಪಂಥಕ್ಕೆ ನಿಷೇಧ ಬಿತ್ತು, ಬಂಧನಗಳು ನಡೆದವು. ಒಬ್ಬೊಬ್ಬರೇ ಶಾಂತವಾಗಿದ್ದರೆ ಆರೋಗ್ಯ, ಒಟ್ಟಿಗೆ ಶಾಂತವಾಗಿ ನಿಂತರೆ ಅಪರಾಧ.

ಈ ಶತಮಾನದ ಚಿತ್ರ ಇನ್ನೂ ನಿಚ್ಚಳ. ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ, ವಾರಕ್ಕೆ 6 ದಿನ ದುಡಿಸುವ ಚೀನಾದ ತಂತ್ರಜ್ಞಾನ ಕಂಪನಿಗಳ ಪದ್ಧತಿಗೆ '996' ಎಂದು ಹೆಸರು. 996 ದುಡಿದರೆ ಸೇರುವುದು ಐಸಿಯು ಎಂದು ಹೇಳುತ್ತ 2019ರಲ್ಲಿ ಅಲ್ಲಿನ ಪ್ರೋಗ್ರಾಮರುಗಳು ಅಂತರಜಾಲದಲ್ಲಿ ಪ್ರತಿಭಟಿಸಿದರು. ಅದೇ ಏಪ್ರಿಲಿನಲ್ಲಿ ಅಲಿಬಾಬಾದ ಜ್ಯಾಕ್ ಮಾ, ಹಾಗೆ ದುಡಿಯಲು ಸಿಗುವುದೇ ದೊಡ್ಡ ಭಾಗ್ಯ ಎಂದರು. ಈ ಜ್ಯಾಕ್ ಮಾ ತಾಯ್‌ಚಿಯ ದೊಡ್ಡ ಅಭಿಮಾನಿ. ನಟ ಜೆಟ್ ಲೀ ಜೊತೆ ಸೇರಿ ತಾಯ್‌ಚಿ ಮತ್ತು ಮನಶ್ಶಾಂತಿಯನ್ನು ಜಗತ್ತಿಗೆ ಹಂಚುವ ಕಂಪನಿಯನ್ನೇ ಕಟ್ಟಿದವರು. ಒಂದು ಕೈಯಲ್ಲಿ 72 ಗಂಟೆಯ ವಾರ, ಇನ್ನೊಂದು ಕೈಯಲ್ಲಿ ಅದಕ್ಕೆ ಮುಲಾಮು. 2021ರ ಆಗಸ್ಟಿನಲ್ಲಿ ಚೀನಾದ ಸರ್ವೋಚ್ಚ ನ್ಯಾಯಾಲಯವೇ 996 ಕಾನೂನುಬಾಹಿರ ಎಂದು ಹೇಳಬೇಕಾಯಿತು.

ಅಷ್ಟರಲ್ಲಿ ಅಲ್ಲಿನ ಯುವಜನ ತಮ್ಮದೇ ಉತ್ತರ ಕಂಡುಕೊಂಡಿದ್ದರು. ರಾತ್ರಿಯಿಡೀ ಕೆಲಸ ಮಾಡಿ, ಬಿಯರಿಗೆ ಗೋಜಿ ಹಣ್ಣು ಹಾಕಿ ಕುಡಿದು, ಅದನ್ನು 'ಪಂಕ್ ಯಾಂಗ್‌ಶೆಂಗ್' ಎಂದು ಕರೆದು ತಮ್ಮನ್ನೇ ಗೇಲಿ ಮಾಡಿಕೊಂಡರು. 2021ರಲ್ಲಿ ಇನ್ನೊಂದು ಮಾತು ಹಬ್ಬಿತು: 'ತಾಂಗ್ ಪಿಂಗ್', ಅಂದರೆ ಅಂಗಾತ ಮಲಗಿಬಿಡುವುದು. ಬಡ್ತಿ ಬೇಡ, ಸಾಲ ಮಾಡಿ ಮನೆ ಬೇಡ, ಬದುಕಲು ಬೇಕಾದಷ್ಟೇ ದುಡಿದು ಉಳಿದ ಹೊತ್ತು ಮಲಗುತ್ತೇವೆ ಎನ್ನುವ ಯುವಕರ ಮಾತು ಅದು. ಸರ್ಕಾರಿ ಪತ್ರಿಕೆಗಳು ಅದನ್ನು ನಾಚಿಕೆಗೇಡು ಎಂದು ಜರೆದವು, ಅಂತರಜಾಲದಲ್ಲಿ ಆ ಗುಂಪುಗಳನ್ನು ಅಳಿಸಲಾಯಿತು. ಚೂ ದೇಶದ ರಾಜ ಮಂತ್ರಿಪದವಿ ಕೊಡುತ್ತೇನೆಂದು ದೂತರನ್ನು ಕಳಿಸಿದಾಗ, ಗಾಳ ಹಿಡಿದು ಕೂತಿದ್ದ ಚುವಾಂಗ್ ತ್ಸು ಹಿಂದಿರುಗಿ ನೋಡದೆ, ದೇವಾಲಯದ ಪೆಟ್ಟಿಗೆಯಲ್ಲಿ ಪೂಜೆಗೊಳ್ಳುವ ಸತ್ತ ಆಮೆಯಾಗುವ ಬದಲು ಕೆಸರಲ್ಲಿ ಬಾಲ ಎಳೆದಾಡುವ ಆಮೆಯಾಗಿರುತ್ತೇನೆ ಎಂಬರ್ಥದ ಉತ್ತರ ಕೊಟ್ಟ ಕಥೆಯಿದೆ. ಅವನು ಇಂದು ಅದೇ ಮಾತನ್ನು ಅಲ್ಲಿನ ಜಾಲತಾಣದಲ್ಲಿ ಬರೆದಿದ್ದರೆ ಎಷ್ಟು ಹೊತ್ತು ಉಳಿಯುತ್ತಿತ್ತೋ.

ಚೀನಾವನ್ನು ಬೈದು ನಾವು ಮೀಸೆ ತಿರುವುವಂತಿಲ್ಲ. 2023ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೋ ಮುಖ್ಯಸ್ಥರು ಅದನ್ನು 90ಕ್ಕೆ ಏರಿಸಿದರು. ನಡುವೆ, 2024ರ ಜುಲೈಯಲ್ಲಿ, ಐಟಿ ವಲಯದ ಕೆಲಸದ ಅವಧಿಯನ್ನು ದಿನಕ್ಕೆ 14 ಗಂಟೆಗೆ ಹಿಗ್ಗಿಸಬಹುದಾದ ಪ್ರಸ್ತಾವ ಕರ್ನಾಟಕದಲ್ಲಿ ಸುದ್ದಿಯಾದಾಗ ಐಟಿ ನೌಕರರ ಸಂಘ ಅದನ್ನು ವಿರೋಧಿಸಿತು. 72 ಗಂಟೆಗೆ ಸರ್ವೋಚ್ಚ ನ್ಯಾಯಾಲಯ ಛೀಮಾರಿ ಹಾಕಿದ ದೇಶದ ಪಕ್ಕದಲ್ಲಿ ನಾವು 70, 90 ಎಂದು ಹರಾಜು ಕೂಗುತ್ತಿದ್ದೇವೆ. ಆ ಹರಾಜಿನ ಕಟ್ಟೆಯ ಪಕ್ಕದಲ್ಲೇ ಧ್ಯಾನದ ಆ್ಯಪ್‌ಗಳ ಮಳಿಗೆ.

*

ನನ್ನ ಮಾತಿಗೆ ಬರಬಹುದಾದ ಎರಡು ಆಕ್ಷೇಪಗಳನ್ನು ಬಲ್ಲೆ.

ಒಂದು: ದಾವ್ ಬಂಡಾಯದ ದರ್ಶನವಲ್ಲ, ಒಪ್ಪಿಗೆಯ ದರ್ಶನ, ನೀನು ಅದಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದೀಯ. ಬಣ್ಣ ನನ್ನದಲ್ಲ. ಅನಂತಮೂರ್ತಿಯವರು ಕನ್ನಡಕ್ಕೆ ತಂದ 'ದಾವ್ ದ ಜಿಂಗ್' ಅನೇಕರ ಮನೆಯಲ್ಲಿದೆ. ಅದರ 75ನೇ ಭಾಗ ತೆರೆಯಿರಿ. ಜನ ಹಸಿದಿರುವುದು ಮೇಲಿನವರು ತೆರಿಗೆ ನುಂಗುವುದರಿಂದ ಎಂಬ ತಿರುಳು ಅಲ್ಲಿದೆ. 53ನೇ ಭಾಗದಲ್ಲಿ ಅರಮನೆ ಥಳಥಳಿಸುತ್ತಿದ್ದರೆ ಹೊಲಗಳಲ್ಲಿ ಕಳೆ, ಕಣಜ ಖಾಲಿ. ಹೀಗೆ ಮೆರೆಯುವವರಿಗೆ ಲಾವೋ ತ್ಸು ಕೊಡುವ ಹೆಸರು ದರೋಡೆಕೋರರು. 'ಏನೂ ಮಾಡದಿರು' ಎನ್ನುವ ಪ್ರಸಿದ್ಧ ಉಪದೇಶ ಬಹುಪಾಲು ಆಳುವವನ ಕಿವಿಗೆ ಹೇಳಿದ್ದು: ಜನರ ಬದುಕಿನಲ್ಲಿ ಕೈಯಾಡಿಸಬೇಡ ಎಂದು. ದೊರೆಗೆ ಹೇಳಿದ ಸಂಯಮವನ್ನು ಆಳಿಗೆ ಹೇಳಿದರೆ ಅದು ಅನುವಾದದ ದೋಷ ಆಗುವುದಿಲ್ಲ, ಮೋಸ ಆಗುತ್ತದೆ.

ಮನಸ್ಸಿನ ಉಪವಾಸ ಎಂಬ, ಈಗ ಎಲ್ಲರ ಬಾಯಲ್ಲಿರುವ ಧ್ಯಾನಕ್ರಮವನ್ನೂ ಹಾಗೇ ನೋಡಿ. ಅದು ಬರುವುದು 'ಚುವಾಂಗ್ ತ್ಸು'ವಿನ ನಾಲ್ಕನೇ ಅಧ್ಯಾಯದಲ್ಲಿ. ಅಲ್ಲಿ ಯಾನ್ ಹುಯಿ ಎಂಬ ಶಿಷ್ಯ ವೇ ರಾಜ್ಯಕ್ಕೆ ಹೊರಟಿದ್ದಾನೆ. ಅಲ್ಲಿನ ದೊರೆ ಪ್ರಜೆಗಳ ಪ್ರಾಣಕ್ಕೆ ಬೆಲೆ ಕೊಡದವನು. ಅವನನ್ನು ತಿದ್ದಬೇಕು ಎಂಬುದು ಶಿಷ್ಯನ ಹಂಬಲ. ಹೀಗೇ ಹೋದರೆ ಸಾಯುತ್ತೀಯ, ಮೊದಲು ನಿನ್ನ ಹೆಸರಿನ ಆಸೆಯನ್ನು, ನಿನ್ನ ಯೋಜನೆಗಳ ಗದ್ದಲವನ್ನು ಖಾಲಿ ಮಾಡಿಕೋ ಎಂದು ಗುರು ಹೇಳುತ್ತಾನೆ. ಆ ಧ್ಯಾನವನ್ನು ಕಲಿಸುತ್ತಿರುವುದು ಕ್ರೂರಿಯ ಎದುರು ನಿಲ್ಲಲು ಹೊರಟವನಿಗೆ. ಕ್ರೂರಿಯ ಕೈಕೆಳಗೆ ಸುಖವಾಗಿರುವುದು ಹೇಗೆ ಎಂದು ಅಲ್ಲಿ ಯಾರೂ ಕೇಳಿಲ್ಲ.

ಹಾಗೆಂದು ಚುವಾಂಗ್ ತ್ಸುವನ್ನು ಕ್ರಾಂತಿಕಾರಿ ಮಾಡಲು ನಾನು ಹೊರಟಿಲ್ಲ. ಅವನ ದಾರಿ ನಿರಾಕರಣೆಯದು, ಮತ್ತು ನಿರಾಕರಣೆ ಎಲ್ಲರ ಕೈಗೆ ಎಟುಕುವುದಿಲ್ಲ. ತಾಂಗ್ ಪಿಂಗ್ ಎಂದು ಮಲಗಿದ ಯುವಕನಿಗೆ ಅನ್ನ ಬೇಯಿಸುವವರು ಯಾರು? ನಸುಕಿಗೆ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸು, ಸಂಬಳಕ್ಕೆ ತಿಂಗಳುಗಟ್ಟಲೆ ಕಾಯುವ ಅತಿಥಿ ಉಪನ್ಯಾಸಕ ಕೆಸರಿನ ಆಮೆಯಾಗುವುದು ಹೇಗೆ? ಒಂಟಿಯಾಗಿ ನದಿಯ ದಂಡೆಗೆ ಹೋಗಿ ಕೂರಲಾಗದವರಿಗೆ ಉಳಿದಿರುವುದು ಒಟ್ಟಾಗಿ ಬೇಡ ಎನ್ನುವ ದಾರಿ ಮಾತ್ರ. ಅದನ್ನು ಚುವಾಂಗ್ ತ್ಸು ಕಲಿಸುವುದಿಲ್ಲ, ನಾವೇ ಕಲಿಯಬೇಕು.

ಎರಡನೇ ಆಕ್ಷೇಪ: ಇವೆಲ್ಲ ಸರಿ, ಆದರೆ ನಿದ್ದೆ ಬಾರದವನಿಗೆ ಈ ಉಸಿರಾಟದಿಂದ ನಿದ್ದೆ ಬರುತ್ತದಲ್ಲ, ಅದನ್ನೂ ಏಕೆ ಕಸಿಯುತ್ತೀಯ? ಕಸಿಯುತ್ತಿಲ್ಲ. ನಾನೇ ಎರಡು ವರ್ಷದಿಂದ ಹಾಸ್ಟೆಲಿನ ತಾರಸಿಯಲ್ಲಿ ಬೆಳಿಗ್ಗೆ 'ಬಾದ್ವಾನ್‌ಜಿನ್' ಎಂಬ ಎಂಟು ಭಂಗಿಗಳ ವ್ಯಾಯಾಮ ಮಾಡುತ್ತೇನೆ. ಕುತ್ತಿಗೆ ನೋವು ಕಡಿಮೆಯಾಗಿದೆ. ಮನಸ್ಸೂ ತಿಳಿಯಾಗುತ್ತದೆ. ಹಾಗೆ ತಿಳಿಯಾದಾಗ ನನಗೆ ಕಾಣುವುದೇನು ಎಂಬುದೇ ಇಲ್ಲಿನ ಪ್ರಶ್ನೆ. ಕೊಳ ಕಲಕಿದ್ದಾಗ ತಳ ಕಾಣುವುದಿಲ್ಲ. ತಿಳಿಯಾದಾಗ ಕಲ್ಲೂ ಕಾಣುತ್ತದೆ, ಮುಳ್ಳೂ ಕಾಣುತ್ತದೆ. ಏಳು ತಿಂಗಳ ಫೆಲೋಶಿಪ್ ಬಂದಿಲ್ಲ ಎಂಬುದು ಗಾಬರಿಯಲ್ಲಿದ್ದಾಗ ನನ್ನ ದುರದೃಷ್ಟದಂತೆ ಕಾಣುತ್ತಿತ್ತು. ಶಾಂತವಾಗಿ ಕೂತು ನೋಡಿದಾಗ ಅದು ಯಾರದೋ ಮೇಜಿನ ಮೇಲೆ ಸಹಿಗೆ ಕಾದಿರುವ ಕಡತ ಎಂದು ಗೊತ್ತಾಯಿತು. ನಾವು ಮೂವತ್ತೊಂದು ಮಂದಿ ಒಟ್ಟಿಗೆ ಆ ಮೇಜಿನ ಮುಂದೆ ಹೋಗಿ ನಿಂತೆವು, ಕೂಗಾಡಲಿಲ್ಲ, ಕದಲಲೂ ಇಲ್ಲ. ನಾಲ್ಕು ತಿಂಗಳಿನದು ಬಂತು. ಮೂರು ತಿಂಗಳಿನದು ಇನ್ನೂ ಬರಬೇಕು.

ಹಾಗಾಗಿ ನನ್ನ ವಾದ ಶಾಂತಿಯ ವಿರುದ್ಧವಲ್ಲ. ಶಾಂತಿಯನ್ನು ಸಂಬಳದ ಬದಲಿಗೆ ಕೊಡುವುದರ ವಿರುದ್ಧ. ಸಂಸ್ಥೆಗಳಿಗೆ ನಮ್ಮ ಆರೋಗ್ಯದ ಬಗ್ಗೆ ಕಾಳಜಿ ಇದ್ದರೆ ಮೊದಲು ತಿಂಗಳ ಹಣ ತಿಂಗಳಿಗೆ ಬರಲಿ, ರಾತ್ರಿ ಹತ್ತರ ಮೇಲೆ ಮೇಲಧಿಕಾರಿಯ ಸಂದೇಶ ಬಾರದಿರಲಿ, ರಜೆ ಕೇಳಲು ಹೆಂಡತಿಗೆ ಹುಷಾರಿಲ್ಲ ಎಂಬ ನೆಪ ಹುಡುಕಬೇಕಾದ ಸ್ಥಿತಿ ತಪ್ಪಲಿ. ಆಮೇಲೆ ಉಸಿರಾಟ ಕಲಿಸಲು ಕರೆಯಿರಿ, ಮುಂದಿನ ಸಾಲಿನಲ್ಲಿ ಬಂದು ಕೂರುತ್ತೇವೆ.

ಯಾಂಗ್‌ಶೆಂಗ್‌ನಲ್ಲಿರುವ 'ಯಾಂಗ್' ಎಂಬುದಕ್ಕೆ ಕನ್ನಡದಲ್ಲಿ ನನಗೆ ತೋಚುವ ಸರಿಯಾದ ಮಾತು 'ಸಾಕು'. ಮಕ್ಕಳನ್ನು ಸಾಕುತ್ತೇವೆ, ದನಕರು ಸಾಕುತ್ತೇವೆ, ಜೀವವನ್ನೂ ಸಾಕಬೇಕು. ಕನ್ನಡದ ಅದೃಷ್ಟವೆಂದರೆ ಇದೇ ಮಾತಿಗೆ ಇನ್ನೊಂದು ಅರ್ಥವೂ ಇದೆ: ಇನ್ನು ಬೇಡ. 'ದಾವ್ ದ ಜಿಂಗ್'ನ 46ನೇ ಭಾಗದಲ್ಲಿ ಲಾವೋ ತ್ಸು, ಸಾಕು ಎನ್ನಲು ಬಾರದಿರುವುದೇ ದೊಡ್ಡ ಅನಾಹುತ ಎಂಬ ಮಾತಿಗೆ ಬರುವ ಮೊದಲು ಒಂದು ಚಿತ್ರ ಕೊಡುತ್ತಾನೆ. ಗೊಬ್ಬರ ಹೊರಬೇಕಾದ ಕುದುರೆಗಳು ಗಡಿಯಲ್ಲಿ ಯುದ್ಧಕ್ಕಾಗಿ ಬೆಳೆಯುತ್ತಿವೆ. ಆ 'ಸಾಕು' ಅವನು ಹಸಿದ ರೈತನಿಗೆ ಹೇಳಿದ ಬುದ್ಧಿಮಾತಲ್ಲ, ಕುದುರೆ ಬೆಳೆಸುತ್ತಿರುವ ದೊರೆಯ ಮುಖಕ್ಕೆ ಹೇಳಿದ್ದು. ಈಗ ಅದನ್ನು 90 ಗಂಟೆ ಕೇಳುವವರಿಗೆ, ಕಡತ ತಡೆಹಿಡಿದವರಿಗೆ, ನೀರಿನಂತೆ ಹರಿಯಿರಿ ಎಂದು ಅಣೆಕಟ್ಟಿನ ಮೇಲೆ ನಿಂತು ಹೇಳುವವರಿಗೆ ನಾವು ಹೇಳಬೇಕಾಗಿದೆ. ಉಸಿರು ಸರಿಯಾಗಿ ಎಳೆದುಕೊಂಡು, ಗಟ್ಟಿಯಾಗಿ, ಎಲ್ಲರೂ ಸೇರಿ.